ಡುಮ್ಮನ ತೂಕ ಹನ್ನೆರಡು ಕಿಲೋ

ಪಾರ್ಸೆಲ್ ಕಚೇರಿಯ ವಸತಿಗೃಹಗಳ ನಿಯಮಾವಳಿಯಲ್ಲಿ ನಾಯಿ ಎಂಬ ಶಬ್ದ ಎಲ್ಲಿಯೂ ಇಲ್ಲ. ಹದಿನೇಳನೆಯ ಕಲಮಿನಲ್ಲಿ ‘ನೌಕರನ ಕುಟುಂಬಕ್ಕೆ ಸೇರದ ಜೀವಿಗಳು’ ಎಂದಷ್ಟೇ ಇದೆ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಭಾವನ ಮನೆಗೆ, ಅಂದರೆ ಆ ಕಚೇರಿಯ ಹಿಂಬದಿಯ ಎರಡು ಕೋಣೆಗಳಿಗೆ, ಒಂದು ಟ್ರಂಕು, ಒಂದು ದೋಣಿ, ಒಂದು ನಾಯಿಯೊಂದಿಗೆ ಬಂದು ಸೇರಿದೆ. ಮೇಲ್ವಿಚಾರಕರು ಆ ಕಲಮನ್ನು ನಾಲ್ಕು ತಿಂಗಳು ಓದಿದರು. ಐದನೆಯ ತಿಂಗಳಲ್ಲಿ ತೀರ್ಮಾನಕ್ಕೆ ಬಂದರು. ನಾನು ಕುಟುಂಬಕ್ಕೆ ಸೇರುತ್ತೇನೆ. ದೋಣಿ ಜೀವಿಯಲ್ಲ. ಉಳಿದದ್ದು ಡುಮ್ಮ.

ನೋಟೀಸನ್ನು ಅವರೇ ಖುದ್ದಾಗಿ ತಂದುಕೊಟ್ಟರು. ಕಚೇರಿಯಿಂದ ನಮ್ಮ ಬಾಗಿಲಿಗೆ ಹದಿನಾಲ್ಕು ಹೆಜ್ಜೆ.

“ಬೇಜಾರು ಮಾಡ್ಕೋಬೇಡಿ ತೂಕದಣ್ಣ. ಭಾನುವಾರ ಸಂಜೆವರೆಗೂ ಟೈಮ್ ಇದೆ. ಸೋಮವಾರ ಬೆಳಿಗ್ಗೆ ನಾಯಿ ಗಾಡಿ ಕರೆಸ್ತೀನಿ. ನನ್ನ ಕೈಲಿ ಏನೂ ಇಲ್ಲ.”

“ಗಾಡಿ ಕರೆಸೋರು ನೀವೇ ಅಲ್ವಾ ಸಾರ್?” ಎಂದರು ಭಾವ.

“ಕರೆಸೋದು ನಾನೇ. ಆದ್ರೆ ನನ್ನ ಕೈಲಿ ಏನೂ ಇಲ್ಲ.”

ನಾಯಿ ಗಾಡಿ ಹತ್ತಿದ ನಾಯಿಗಳ ಮುಂದಿನ ವಿಚಾರವನ್ನು ನಮ್ಮ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ.

ಭಾವ ಇಪ್ಪತ್ತೆರಡು ವರ್ಷದಿಂದ ಆ ಕಚೇರಿಯಲ್ಲಿ ಪಾರ್ಸೆಲ್ ತೂಗುವವರು. ಊರಿಗೆಲ್ಲ ತೂಕದಣ್ಣ. ತೂಗದೆ ಯಾವುದನ್ನೂ ನಂಬುವವರಲ್ಲ, ತೂಗಿದ ಮೇಲೆ ಯಾವುದನ್ನೂ ಅನುಮಾನಿಸುವವರೂ ಅಲ್ಲ. ಅಂಥವರು ಆ ವಾರ ತೂಗಲಾರದ ಸಮಸ್ಯೆಯೊಂದನ್ನು ಮುಂದಿಟ್ಟುಕೊಂಡು ಕೂತರು. ಡುಮ್ಮನನ್ನು ಎಲ್ಲಿಗೆ ಕಳಿಸುವುದು?

ಹೊಳೆ ಹರಿಯುವ ದಿಕ್ಕಿನಲ್ಲಿ ಒಂಬತ್ತು ಕಿಲೋಮೀಟರ್ ದೂರದಲ್ಲಿ ಅವರ ತಂಗಿ, ನನ್ನ ನಾದಿನಿ, ಇದ್ದಳು. ಅವಳಿಗೆ ಕಾಗದ ಹೋಯಿತು. ಮರುದಿನವೇ ಉತ್ತರ ಬಂತು. ‘ನಾಯಿಯನ್ನು ಕಳಿಸಿ. ಜೊತೆಗೆ ಅಮ್ಮನ ಹೊಲಿಗೆ ಯಂತ್ರವನ್ನೂ ಕಳಿಸಿ. ಒಂದು ಬಂದು ಇನ್ನೊಂದು ಬರದಿದ್ದರೆ ಬಂದದ್ದನ್ನು ವಾಪಸು ಕಳಿಸಲಾಗುವುದು.’

“ನೋಡಿದ್ರಾ ನಿಮ್ಮ ತಂಗೀನ!” ಎಂದಳು ಅಕ್ಕ. ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. “ಆರು ವರ್ಷದಿಂದ ಆ ಮೆಷಿನ್ ಮೇಲೆ ಕಣ್ಣಿಟ್ಟಿದ್ಲು. ಈಗ ನಾಯಿ ನೆಪ ಸಿಕ್ತು. ತಗೊಂಡು ಹೋಗಿ, ಎರಡೂ ತೊಲಗಲಿ. ಮನೇಲಿ ಯಾರಿಗೂ ತುತ್ತು ಇಳೀತಿಲ್ಲ, ಇದೊಂದು ಮಾತ್ರ ದಿನಾ ಉಬ್ತಾ ಇದೆ. ಏನೇ, ನೀನೇನಂತೀಯ?”

ಅಕ್ಕ ನನ್ನನ್ನು ಕೇಳಿದ ಪ್ರಶ್ನೆಗಳಿಗೆ ತಾನೇ ಉತ್ತರ ಹೇಳುತ್ತಿದ್ದಳು. “ಅವಳೇನಂತಾಳೆ, ಪಾಪ” ಎಂದು ಒಳಗೆ ಹೋದಳು.

ಬಸ್ಸಿನಲ್ಲಿ ನಾಯಿಗೆ ಜಾಗವಿಲ್ಲ. ಬೇರೆ ವಾಹನ ಹತ್ತಿಸುವ ಹಾಗೂ ಇಲ್ಲ. ಮನೆ ಮುಂದೆ ಆಂಬುಲೆನ್ಸ್ ಬಂದು ಹೋದ ದಿನದಿಂದ ಡುಮ್ಮ ಇಂಜಿನ್ ಸದ್ದು ಕೇಳಿದರೆ ಸಾಕು, ನೆಲಕ್ಕಂಟಿಕೊಂಡು ಮಲಗುತ್ತಿತ್ತು. ಹೆದ್ದಾರಿಯಲ್ಲಿ ನಡೆಸಿಕೊಂಡೇ ಹೋಗಬಹುದೇ ಎಂದು ಭಾವ ಗುರುವಾರ ಪ್ರಯತ್ನಿಸಿದರು. ಪ್ರತಿ ಲಾರಿಗೂ ಡುಮ್ಮ ಮಲಗಿತು. ಮೂರು ಗಂಟೆಯಲ್ಲಿ ಪೆಟ್ರೋಲ್ ಬಂಕಿನವರೆಗೆ ಮುಟ್ಟಿದ್ದರು. ಅಲ್ಲಿ ಡುಮ್ಮ ಮಲಗಿದ್ದು ಏಳಲೇ ಇಲ್ಲ. ಎರಡು ಗೋಣಿಚೀಲ ಕೆಳಗೆ ತೂರಿಸಿ ಎಳೆದು ತಂದರು.

ಹಾಗೆ ದೋಣಿಯ ನೆನಪಾಯಿತು.

ದೋಣಿ ನನ್ನ ಗಂಡ ಕಟ್ಟಿದ್ದು. ಐದು ಮೀಟರ್ ಉದ್ದ, ಇಬ್ಬರು ಒಬ್ಬರ ಹಿಂದೊಬ್ಬರು ಕೂರುವಷ್ಟು ಸಪೂರ. ಎರಡು ವರ್ಷ ಪ್ರತಿ ರಜಾದಿನವೂ ಅದನ್ನು ಉಜ್ಜಿದ್ದರು. ನೀರಿಗೆ ಇಳಿಸಿರಲಿಲ್ಲ.

“ಭಾನುವಾರ ಹೊರಡೋದು. ಶನಿವಾರ ಪರೀಕ್ಷೆ” ಎಂದು ಭಾವ ಘೋಷಿಸಿದರು. “ಖಾಲಿ ದೋಣಿ ತೇಲಿದ್ರೆ ಏನೂ ಅರ್ಥ ಇಲ್ಲ. ಭಾನುವಾರ ಏನೇನು ಹೋಗುತ್ತೋ ಅಷ್ಟೂ ಹೇರಿಯೇ ನೋಡ್ಬೇಕು. ಮೊದಲು ಎಲ್ಲಾ ತೂಗೋಣ.”

ಶುಕ್ರವಾರ ಕಚೇರಿ ಮುಚ್ಚುವ ಹೊತ್ತಿಗೆ ತೂಕ ನಡೆಯಿತು. ಆ ಕಚೇರಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹನ್ನೊಂದು ವರ್ಷದ ಹಿಂದೆ ಕಟ್ಟಡಕ್ಕೆ ಸುಣ್ಣ ಬಳಿಸುವಾಗ ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಕಳೆದುಹೋಯಿತು. ಹೊಸ ಬಟ್ಟುಗಳಿಗೆ ಬರೆದುಹಾಕಿದರು. ಅವು ಬರುವತನಕ ವರ್ಷಕ್ಕೊಮ್ಮೆ ತಪಾಸಣೆಯವರು ಬಂದಾಗ ತಕ್ಕಡಿ ಸರಿಯಿದೆಯೇ ಎಂದು ನೋಡಲು ಭಾವನನ್ನು ಅದರ ಮೇಲೆ ನಿಲ್ಲಿಸುವುದು ರೂಢಿಯಾಯಿತು. ಎಪ್ಪತ್ತೆರಡು ಕಿಲೋ ನಾನೂರು ಗ್ರಾಂ. ಹನ್ನೊಂದು ವರ್ಷದಲ್ಲಿ ಹತ್ತು ಗ್ರಾಂ ಆಚೀಚೆ ಆಗಿಲ್ಲ. ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆಸಿದ್ದರು. ಭಾವನಿಗೂ ತಕ್ಕಡಿಗೂ ಭಿನ್ನಾಭಿಪ್ರಾಯ ಬಂದರೆ ತಕ್ಕಡಿಯನ್ನು ರಿಪೇರಿಗೆ ಕಳಿಸಬೇಕು. ಕೊನೆಯ ತಪಾಸಣೆ ನಡೆದದ್ದು ನನ್ನ ಗಂಡನಿಗೆ ಜ್ವರ ಶುರುವಾಗುವ ತಿಂಗಳ ಮುಂಚೆ.

ಹೊಲಿಗೆ ಯಂತ್ರ ಹದಿನಾಲ್ಕು ಕಿಲೋ. ಅದರ ಕತ್ತಿನ ಮೇಲೆ ಕಾರ್ಖಾನೆಯವರೇ ಕೆತ್ತಿದ್ದರು, ತಕ್ಕಡಿಯೂ ಒಪ್ಪಿತು. ಡುಮ್ಮನ ಹಾಸಿಗೆ, ತಟ್ಟೆ, ಬಿಸ್ಕತ್ತಿನ ಚೀಲ, ಎಲ್ಲಕ್ಕೂ ಚೀಟಿ ಅಂಟಿಸಿದರು. ಡುಮ್ಮ ಮಾತ್ರ ಅಲುಗಾಡುವ ಹಲಗೆಯ ಮೇಲೆ ನಿಲ್ಲಲೊಪ್ಪಲಿಲ್ಲ. ಕೊನೆಗೆ ಭಾವ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ತಾವೇ ಹತ್ತಿದರು. ಕತ್ತಿನ ನರ ಉಬ್ಬಿತು. ಹಣೆಯಿಂದ ಬೆವರು ಇಳಿಯಿತು.

“ಎಂಬತ್ನಾಕು ನಾನೂರು” ಎಂದು ಅಕ್ಕ ಓದಿದಳು.

ಭಾವ ಡುಮ್ಮನನ್ನು ಇಳಿಸಿ, ಗೋಡೆ ನೋಡಿ, ಕಳೆದರು. “ಡುಮ್ಮ ಹನ್ನೆರಡು ಕಿಲೋ.”

ಅಕ್ಕ ಡುಮ್ಮನನ್ನು ನೋಡಿದಳು. ಗಂಡನನ್ನು ನೋಡಿದಳು. “ಇದು ಹನ್ನೆರಡು ಕಿಲೋನಾ? ಇದರ ತಲೆ ಒಂದೇ ಹನ್ನೆರಡು ಕಿಲೋ ಇದೆಯಲ್ರೀ!”

“ತಕ್ಕಡಿಗೆ ನಮ್ಮ ಮೇಲೆ ಏನು ದ್ವೇಷ? ಲೆಕ್ಕ ಲೆಕ್ಕಾನೇ.”

“ಹನ್ನೆರಡು ಕಿಲೋ ಎತ್ತಿದ್ದಕ್ಕೆ ಹಿಂಗೆ ಬೆವರ್ತಾರಾ?”

“ಅಭ್ಯಾಸ ಇಲ್ಲ” ಎಂದು ಭಾವ ಮುಖ ಒರೆಸಿಕೊಂಡರು.

ಆಮೇಲೆ ಅವರು ಪಾರ್ಸೆಲ್ ಚೀಟಿಯ ಬೆನ್ನಿಗೆ ದೋಣಿಯ ಚಿತ್ರ ಬರೆದರು. ಹಿಂದಿನ ತುದಿಯಲ್ಲಿ ಎಪ್ಪತ್ತೆರಡು ಕಿಲೋದ ತಾವು, ಮುಂದಿನ ಮೂತಿಯಲ್ಲಿ ಹನ್ನೆರಡು ಕಿಲೋದ ಡುಮ್ಮ. ಮುಂದುಗಡೆ ಹಗುರವಾಯಿತು. ಸರಿದೂಗಿಸಲು ಹೊಲಿಗೆ ಯಂತ್ರ, ಬಿಸ್ಕತ್ತು, ಹಾಸಿಗೆ ಎಲ್ಲವನ್ನೂ ಡುಮ್ಮನ ಪಕ್ಕಕ್ಕೆ ಸೇರಿಸಿದರು. ಸಾಲದ್ದಕ್ಕೆ ಎರಡು ಚೀಲ ಮರಳು. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಇನ್ನೊಂದು ನೋಡಿಲ್ಲ.

ಕಚೇರಿಯ ಹಿಂದೆಯೇ ಹೊಳೆ. ಹಿಂದೆ ಪಾರ್ಸೆಲ್‌ಗಳು ನೀರಿನ ಮೇಲೆ ಬರುತ್ತಿದ್ದ ಕಾಲದ ಮೆಟ್ಟಿಲುಗಳು ಇನ್ನೂ ಇವೆ. ಎರಡೂ ಕಡೆ ಕಲ್ಲಿನ ಗೋಡೆ. ಎಡದಂಡೆ ನಮ್ಮ ಪುರಸಭೆ. ಬಲದಂಡೆಯಲ್ಲಿ ಲಾಂಡ್ರಿ, ಅದು ಬೇರೆ ಪುರಸಭೆ. ಹೊಳೆ ಯಾರದು ಎಂಬ ಬಗ್ಗೆ ಎರಡೂ ಪುರಸಭೆಗಳಿಗೆ ಒಮ್ಮತವಿತ್ತು. ಅದು ಇನ್ನೊಬ್ಬರದು.

ಶನಿವಾರ ಬೆಳಿಗ್ಗೆ ದೋಣಿ ಇಳಿಸಿದಾಗ ಪಕ್ಕದ ಮನೆಯ ಕ್ಯಾಪ್ಟನ್ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಕ್ಯಾಪ್ಟನ್ ಏನಲ್ಲ. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿದು ಕೊಟ್ಟವರು. ಆದರೆ ನೀರಿನ ಬಗ್ಗೆ ನಮ್ಮ ಬೀದಿಯಲ್ಲಿ ಅವರಿಗಿಂತ ಹೆಚ್ಚು ಮಾತಾಡುವವರು ಇರಲಿಲ್ಲ.

ಡುಮ್ಮ ತಾನಾಗಿಯೇ ಮೂತಿಗೆ ಹೋಗಿ ಕೂತಿತು. ಆ ದೋಣಿಯಲ್ಲಿ ಅದು ಮರಿಯಾಗಿದ್ದಾಗಿನಿಂದ ಕೂತಿದೆ, ಶೆಡ್ಡಿನಲ್ಲಿ. ಭಾವ ಹಿಂದೆ ಕೂತು ಹುಟ್ಟು ಹಿಡಿದರು. ನಾನು ಹಗ್ಗ ಬಿಟ್ಟೆ.

“ಮೂತಿ ಮುಳುಗ್ತಿದೆ ತೂಕದಣ್ಣ!” ಎಂದು ಕ್ಯಾಪ್ಟನ್ ಕೂಗಿದರು.

“ಇಲ್ಲ! ನೀರು ಅಲ್ಲಿ ಸ್ವಲ್ಪ ಎತ್ತರ ಇದೆ!”

“ನೀರು ಎತ್ತರ ತಗ್ಗು ಇರುತ್ತೇನ್ರೀ?”

“ತೂಗಿ ಇಟ್ಟಿದೀನಿ ಕ್ಯಾಪ್ಟನ್! ಮುಳುಗೋಕೆ ಸಾಧ್ಯಾನೇ ಇಲ್ಲ!”

ದೋಣಿ ಮೂತಿಯನ್ನು ನೀರಿಗೆ ಊರಿ, ಬಾಲವನ್ನು ಗಾಳಿಗೆ ಎತ್ತಿ ಹೊರಟಿತು. ಎತ್ತರದ ತುದಿಯಲ್ಲಿ ಭಾವನ ಹುಟ್ಟು ನೀರಿಗೆ ಎಟುಕುತ್ತಿರಲಿಲ್ಲ. ಹಗುರವಾದ ಹಿಂಬದಿಯನ್ನು ಹರಿವು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿತು. ಮೆಟ್ಟಿಲ ಬಳಿ ಹೊಳೆ ಆರು ಮೀಟರ್ ಅಗಲ. ಭಾವ ಅಳೆದದ್ದು ಅಲ್ಲಿ ಮಾತ್ರ. ಲಾಂಡ್ರಿಯ ಎದುರು ನಾಲ್ಕೂವರೆ. ಐದು ಮೀಟರಿನ ದೋಣಿ ಅಲ್ಲಿಗೆ ಅಡ್ಡವಾಗಿ ತಲುಪಿ, ಮೂತಿ ಬಲಗೋಡೆಗೂ ಹಿಂಬದಿ ಎಡಗೋಡೆಗೂ ಕಚ್ಚಿ, ಓರೆಯಾಗಿ ನಿಂತಿತು. ನೀರು ಒತ್ತಿದಷ್ಟೂ ಗಟ್ಟಿಯಾಯಿತು.

“ಪರೀಕ್ಷೆ ಹೇಗಾಯ್ತು?” ಎಂದು ಅಕ್ಕ ಗೋಡೆಯ ಮೇಲಿಂದ ಬಗ್ಗಿ ಕೇಳಿದಳು.

“ಹೇರು ತಡ್ಕೊಂಡಿದೆ” ಎಂದರು ಭಾವ.

ಆ ಹೊತ್ತಿಗೆ ಲಾಂಡ್ರಿಯ ಪಾಳಿ ಬದಲಾಗುತ್ತಿತ್ತು. ಎಡದಂಡೆಯಲ್ಲಿ ಮನೆ ಇರುವ ಇಪ್ಪತ್ತು ಇಪ್ಪತ್ತೈದು ಹೆಂಗಸರು ಬಲದಂಡೆಯಲ್ಲಿ ಕೆಲಸಕ್ಕಿದ್ದರು. ಸೇತುವೆ ಸುತ್ತಿ ಬರಲು ಮುಕ್ಕಾಲು ಗಂಟೆ. ಮೊದಲನೆಯವಳು ಗೋಡೆಯ ಕಬ್ಬಿಣದ ಏಣಿ ಇಳಿದು, ದೋಣಿಯ ಮೇಲೆ ಒಂದು ಕಾಲಿಟ್ಟು ನೋಡಿ, ಇನ್ನೊಂದನ್ನೂ ಇಟ್ಟಳು.

“ಅಣ್ಣಾ, ಸ್ವಲ್ಪ ಕಾಲು ಮಡಚಿಕೊಳ್ಳಿ.”

“ಏನಮ್ಮಾ ಇದು! ಭಾರ ಹೆಚ್ಚಾಗುತ್ತೆ! ನಿಮ್ಮ ತೂಕ ಎಷ್ಟು?”

“ಥೂ! ಹೆಂಗಸ್ರನ್ನ ಕೇಳೋ ಮಾತಾ ಇದು? ಮುಖ ನೋಡಿದ್ರೆ ಮರ್ಯಾದಸ್ಥರ ಹಾಗಿದೀರಿ.”

ಎರಡನೆಯವಳು ಬಂದಳು. ಮೂರನೆಯವಳು ಬಟ್ಟೆಯ ಗಂಟಿನೊಂದಿಗೆ ಬಂದಳು. ಡುಮ್ಮ ಪ್ರತಿಯೊಬ್ಬರಿಗೂ ತಲೆ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಿತು. ಹನ್ನೊಂದನೆಯವಳು “ಪುಣ್ಯಾತ್ಮರು, ಹೀಗೇ ಇರ್ಲಿ, ತೆಗೀಬೇಡಿ” ಎಂದು ಭಾವನಿಗೆ ಕೈಮುಗಿದು ಹೋದಳು. ಎದ್ದರೆ ದೋಣಿ ಕಳಚೀತು, ಕಳಚಿದರೆ ಮೇಲಿದ್ದವರು ಬಿದ್ದಾರು ಎಂದು ಭಾವ ಅಲುಗಾಡದೆ ಕೂತರು. ಕಲ್ಲಿನ ಕಂಬವೂ ಅಷ್ಟು ಜವಾಬ್ದಾರಿಯಿಂದ ಕೂರಲಾರದು.

ಹನ್ನೊಂದೂವರೆಗೆ ನಮ್ಮ ಪುರಸಭೆಯ ಓವರ್‌ಸಿಯರ್ ಬಂದರು.

“ಯಾರ ಪರ್ಮಿಷನ್ ತಗೊಂಡು ಸೇತುವೆ ಕಟ್ಟಿದ್ರಿ?”

“ಸೇತುವೆ ಅಲ್ಲ ಸಾರ್. ದೋಣಿ.”

“ದಡದಿಂದ ದಡಕ್ಕಿದೆ. ಜನ ಓಡಾಡ್ತಿದಾರೆ. ಅಲುಗಾಡ್ತಿಲ್ಲ. ಇದನ್ನ ದೋಣಿ ಅಂತೀರಾ?”

ಭಾವ ಯೋಚಿಸಿದರು. ಪ್ರಾಮಾಣಿಕ ಮನುಷ್ಯರು. ಎರಡೂ ಕಡೆಯ ಗೋಡೆಗಳನ್ನು ಮತ್ತೊಮ್ಮೆ ನೋಡಿದರು.

ಅಷ್ಟರಲ್ಲಿ ಎದುರು ದಂಡೆಗೆ ಆ ಪುರಸಭೆಯ ಆರೋಗ್ಯ ನಿರೀಕ್ಷಕರು ಬಂದು ನಿಂತರು. “ಅರ್ಧ ನಮ್ಮ ಗೋಡೆಗೆ ತಗಲಿದೆ. ನಮ್ಮನ್ನೂ ಕೇಳ್ಬೇಕಿತ್ತು.”

“ತೆಗೆಸಿ ಹಾಗಾದ್ರೆ” ಎಂದರು ಓವರ್‌ಸಿಯರ್.

“ನಾವ್ಯಾಕೆ ತೆಗೆಸ್ಬೇಕು? ತೆಗೆದವರದ್ದೇ ಸೇತುವೆ ಅಂತ ಆಗುತ್ತೆ. ನೀವೇ ತೆಗೆಸಿ.”

“ನಾವು ಮುಟ್ಟಲ್ಲ.”

“ನಾವೂ ಮುಟ್ಟಲ್ಲ.” ನಿರೀಕ್ಷಕರು ಬಗ್ಗಿ ಡುಮ್ಮನನ್ನು ನೋಡಿದರು. “ಆದ್ರೆ ನಾಯಿ ಪೂರ್ತಿ ನಮ್ಮ ಕಡೆ ಇದೆ. ಕತ್ತಿಗೆ ಲೈಸೆನ್ಸ್ ಬಿಲ್ಲೆ ಇಲ್ಲ. ಗಾಡಿಗೆ ಹೇಳಿ ಕಳಿಸ್ತೀನಿ. ಹತ್ತು ನಿಮಿಷ.”

ಅಕ್ಕ ಗೋಡೆಯ ಮೇಲೆ ಅರ್ಧ ಹತ್ತಿದ್ದಳು. “ಹೇಗ್ರೀ ತಗೊಂಡು ಹೋಗ್ತೀರಾ? ಭಾನುವಾರ ಸಂಜೆವರೆಗೂ ಟೈಮ್ ಕೊಟ್ಟಿದಾರೆ!”

“ಅದು ಆ ಕಡೆ ಭಾನುವಾರ ತಾಯಿ. ಈ ಕಡೆ ಭಾನುವಾರ ನಮ್ಮದು.”

“ತೊಲಗಲಿ ಅಂದೋಳು ನೀನೇ ಅಲ್ವೇನಮ್ಮಾ?” ಎಂದರು ಕ್ಯಾಪ್ಟನ್.

“ನಾನು ಅಂದ್ರೆ ಅಂದೆ! ಮನೆ ಮಾತು ಅದು. ಹೊಳೆ ಆಚೆಯವರು ಅನ್ನೋ ಹಾಗಿದೆಯಾ?”

ಕ್ಯಾಪ್ಟನ್ ನನ್ನ ಕಡೆ ತಿರುಗಿದರು. “ಏನಮ್ಮಾ, ನಿನ್ನ ಗಂಡ ಸಾಕಿದ ನಾಯಿ. ನೀನಾದ್ರೂ ಏನಾದ್ರೂ ಹೇಳು.”

“ಅವಳೇನು ಹೇಳ್ತಾಳೆ, ಪಾಪ” ಎಂದಳು ಅಕ್ಕ.

ಗಾಡಿಯ ಸದ್ದು ಲಾಂಡ್ರಿಯ ಹಿಂದಿನಿಂದ ಕೇಳಿಸಿತು. ಡುಮ್ಮ ಮೂತಿಯಲ್ಲಿ ಅಂಟಿಕೊಂಡು ಮಲಗಿತು. ಭಾವನ ಮುಖ ಬಿಳಿಚಿಕೊಂಡಿತು. ದೋಣಿಯ ಉದ್ದ ಐದು ಮೀಟರ್, ಮಧ್ಯೆ ಹೊಲಿಗೆ ಯಂತ್ರ. “ಡುಮ್ಮಾ, ಬಾರೋ, ಈ ಕಡೆ ಬಾ” ಎಂದು ಅವರು ಕೂತಲ್ಲಿಂದಲೇ ಕೈ ಚಾಚಿದರು. ಡುಮ್ಮ ಕಣ್ಣು ಮುಚ್ಚಿಕೊಂಡಿತು.

ನಿರೀಕ್ಷಕರು ಏಣಿ ಇಳಿದು ಮೂತಿಯ ಮೇಲೆ ಕಾಲಿಟ್ಟರು. ಅವರ ತೂಕವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಲಾಂಡ್ರಿಯ ಯಾವ ಹೆಂಗಸಿಗಿಂತಲೂ ಹೆಚ್ಚಿತ್ತು. ಮೂತಿ ಗೋಡೆಯಿಂದ ಜಾರಿತು. ದೋಣಿ ಒಮ್ಮೆ ನರಳಿ ಮಗುಚಿತು. ನಿರೀಕ್ಷಕರು, ಭಾವ, ಡುಮ್ಮ, ಹೊಲಿಗೆ ಯಂತ್ರ, ಬಿಸ್ಕತ್ತು ಎಲ್ಲ ಒಟ್ಟಿಗೆ ಹೊಳೆಗೆ ಬಿದ್ದವು.

“ಮುಳುಗ್ತಿದೀನಿ! ಮುಳುಗ್ತಿದೀನಿ!” ಎಂದು ನಿರೀಕ್ಷಕರು ಕೂಗಿಕೊಂಡರು.

“ನಿಂತ್ಕೊಳ್ಳಿ ಸಾರ್” ಎಂದರು ಭಾವ. ನೀರು ಸೊಂಟದ ತನಕ ಇತ್ತು. ಮೊದಲಿನಿಂದಲೂ ಅಷ್ಟೇ ಇತ್ತು.

ಡುಮ್ಮ ಈಜಿ ಬಂದು ನಮ್ಮ ಮೆಟ್ಟಿಲ ಮೇಲೆ ಮಲಗಿತು.

“ನಾಯಿ ಈಗ ನಮ್ಮ ಕಡೆ ಬಂತು” ಎಂದರು ಓವರ್‌ಸಿಯರ್, ತೃಪ್ತಿಯಿಂದ.

“ಅದು ಹೇಗಾಗುತ್ತೆ? ಘಟನೆ ನಡೆದಾಗ ನಮ್ಮ ಕಡೆ ಇತ್ತು!” ನಿರೀಕ್ಷಕರ ಟೋಪಿಯಿಂದ ನೀರು ಸುರಿಯುತ್ತಿತ್ತು.

“ಘಟನೆ ಮಾಡಿದ್ದು ನೀವೇ.”

ಅರ್ಧ ಗಂಟೆ ಇದು ನಡೆಯಿತು. ಒಬ್ಬರು ಕೊಂಡೊಯ್ದರೆ ಇನ್ನೊಬ್ಬರು ದೂರು ಕೊಡುವುದಾಗಿ ಹೇಳಿದರು. ಕೊನೆಗೆ ಇಬ್ಬರಿಗೂ ಸೇರದ ಜಾಗ ಹುಡುಕಿದರು. ಪಾರ್ಸೆಲ್ ಕಚೇರಿ ಯಾವ ಪುರಸಭೆಯದೂ ಅಲ್ಲ, ರಾಜಧಾನಿಯ ಇಲಾಖೆಯದು. ದೋಣಿ ಮತ್ತು ಅದರಲ್ಲಿದ್ದ ಎಲ್ಲವನ್ನೂ ಬೇರ್ಪಡಿಸದೆ, ವಿಚಾರಣೆ ಮುಗಿಯುವ ತನಕ, ಆ ಕಚೇರಿಯ ಆವರಣದಲ್ಲಿ ಇಡತಕ್ಕದ್ದು ಎಂದು ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಇಂಥದು ಹಿಂದೆ ನಡೆದಿರಲಿಲ್ಲವೆಂದು ಕ್ಯಾಪ್ಟನ್ ಹೇಳುತ್ತಾರೆ.

ಮೇಲ್ವಿಚಾರಕರು ಕಾಗದ ಓದಿ ಬೆವರಿದರು. “ಆದ್ರೆ ನಮ್ಮ ಹದಿನೇಳನೇ ಕಲಮು ಇದೆಯಲ್ಲ. ಜೀವಿಗಳು…”

“ಇದು ಜೀವಿ ಅಲ್ಲ ಸಾರ್” ಎಂದರು ಓವರ್‌ಸಿಯರ್. “ಮಾಲು.”

“ವಿಚಾರಣೆ ಯಾವಾಗ?”

“ತಿಳಿಸ್ತಾರೆ.”

“ಯಾರು?”

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಕಚೇರಿಗೆ ಬಂದ ಮಾಲನ್ನು ತೂಗದೆ ಒಳಗೆ ತೆಗೆದುಕೊಳ್ಳುವಂತಿಲ್ಲ. ಡುಮ್ಮನಿಗೆ ಸುಸ್ತಾಗಿತ್ತು. ಹಲಗೆಯ ಮೇಲೆ ಎಳೆದು ಮಲಗಿಸಿದರೆ ಹಾಗೆಯೇ ಮಲಗಿತು. ಮುಳ್ಳು ಇಪ್ಪತ್ತಮೂರು ಕಿಲೋ ಒಂಬೈನೂರಕ್ಕೆ ಬಂದು ನಿಂತಿತು.

“ತಕ್ಕಡಿ ಕೆಟ್ಟಿದೆ” ಎಂದರು ಭಾವ. “ಡುಮ್ಮ ಹನ್ನೆರಡು ಕಿಲೋ. ತಡೀರಿ, ತೋರಿಸ್ತೀನಿ.” ಅವರು ಒದ್ದೆ ಬಟ್ಟೆಯಲ್ಲೇ ಹತ್ತಿದರು.

ಅರವತ್ತೊಂದು ಕಿಲೋ ಎಂಟುನೂರು.

“ಕೆಟ್ಟಿದೆ” ಎಂದು ಮೇಲ್ವಿಚಾರಕರು ಗೋಡೆ ನೋಡಿ ಒಪ್ಪಿದರು. “ರಿಪೇರಿಗೆ ಬರೀಬೇಕು.”

ಅಕ್ಕ ಒಬ್ಬಳೇ, ಹೊಳೆಯಿಂದ ತೆಗೆದಿಟ್ಟಿದ್ದ ಹೊಲಿಗೆ ಯಂತ್ರವನ್ನು ಎತ್ತಿ ತಂದು ಹಲಗೆಯ ಮೇಲಿಟ್ಟಳು. ಹದಿನಾಲ್ಕು ಕಿಲೋ. ಕತ್ತಿನ ಮೇಲೆ ಕೆತ್ತಿದ್ದೂ ಹದಿನಾಲ್ಕು.

“ತಕ್ಕಡಿ ಸರಿ ಇದೆ” ಎಂದಳು. ಆಮೇಲೆ ಗಂಡನ ಭುಜ ಮುಟ್ಟಿ ನೋಡಿದಳು, ಅಂಗಿ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾಗುತ್ತಾನೆಂದು ಹುಡುಕುವ ಹಾಗೆ. “ದಿನಾ ನಾನೇ ಬಡಿಸ್ತೀನಲ್ರೀ. ತಟ್ಟೆ ಖಾಲಿ ಆಗುತ್ತಲ್ಲ. ಎಲ್ಲಿಗೆ ಹೋಯ್ತು?”

ಭಾವ ನೆಲ ನೋಡಿದರು. “ಮೇಜಿನ ಕೆಳಗೆ ಕೂತಿರುತ್ತಲ್ಲ. ತುತ್ತು ಇಳೀತಿರ್ಲಿಲ್ಲ ಕಣೇ. ಅದಕ್ಕೆ ಹಾಕ್ತಿದ್ದೆ.”

ಎಲ್ಲರೂ ಡುಮ್ಮನನ್ನು ನೋಡಿದರು. ಒಟ್ಟು ತೂಕ ಒಂದು ಗ್ರಾಮೂ ಮನೆ ಬಿಟ್ಟು ಹೋಗಿರಲಿಲ್ಲ.

ನಿರೀಕ್ಷಕರು ಕೆಮ್ಮಿದರು. ಅವರಿಗೆ ಚಳಿಯಾಗುತ್ತಿತ್ತು. “ಕೊನೇ ಕಾಲಮು. ಮಾಲೀಕರ ಹೆಸರು.”

“ಹೊಲಿಗೆ ಮೆಷಿನ್ ನನ್ನದು!” ಎಂದಳು ಅಕ್ಕ ತಕ್ಷಣ. “ಬರ್ಕೊಳ್ಳಿ. ದಪ್ಪಕ್ಷರದಲ್ಲಿ ಬರ್ಕೊಳ್ಳಿ.”

“ದೋಣಿ, ನಾಯಿ?”

“ನನ್ನ ತಮ್ಮಂದು” ಎಂದರು ಭಾವ.

“ಕರೀರಿ ಅವರನ್ನ.”

ಯಾರೂ ಕರೆಯಲಿಲ್ಲ. ಕ್ಯಾಪ್ಟನ್ ಬಗ್ಗಿ ನಿರೀಕ್ಷಕರ ಕಿವಿಯಲ್ಲಿ ಏನೋ ಹೇಳಿದರು. ನಿರೀಕ್ಷಕರು ಟೋಪಿ ತೆಗೆದರು. ಅದರಲ್ಲಿ ಉಳಿದಿದ್ದ ನೀರು ಅವರ ಪಾದದ ಮೇಲೆ ಬಿತ್ತು.

“ಕ್ಷಮಿಸಿ. ಆದ್ರೆ ಹೋದವರ ಹೆಸರು ಬರೆಯೋ ಹಾಗಿಲ್ಲ.”

“ನನ್ನ ಹೆಸರು ಬರೀರಿ” ಎಂದರು ಭಾವ.

“ನಿಮ್ಮನ್ನ ಆಗ್ಲೇ ಆರೋಪಿ ಅಂತ ಬರೆದಾಗಿದೆ” ಎಂದರು ಓವರ್‌ಸಿಯರ್. “ಒಬ್ಬರಿಗೆ ಒಂದೇ ಕಾಲಮು. ಮಾಲೀಕರು ಯಾರೂ ಇಲ್ಲ ಅಂದ್ರೆ ವಾರಸುದಾರರಿಲ್ಲದ ಮಾಲು ಅಂತ ಬರೀಬೇಕು. ಅದನ್ನ ಏಳು ದಿನದಲ್ಲಿ ವಿಲೇವಾರಿ ಮಾಡ್ತಾರೆ.”

ಅಕ್ಕ ಬಾಯಿ ತೆರೆದಳು. ನನ್ನನ್ನು ನೋಡಿ ಮುಚ್ಚಿದಳು.

“ನನ್ನದು” ಎಂದೆ.

“ಯಾವುದಮ್ಮಾ? ದೋಣಿಯಾ, ನಾಯಿಯಾ?”

“ಎರಡೂ.”

ಓವರ್‌ಸಿಯರ್ ಬರೆದುಕೊಂಡರು. ನಿರೀಕ್ಷಕರು ಜೇಬಿನಿಂದ ಪೆನ್ನು ತೆಗೆದು, ಕೊಡವಿ ಕೊಟ್ಟರು. ಅದರಿಂದ ಹೊಳೆಯ ನೀರು ಬಂತು. ಅಕ್ಕ ಒಳಗೆ ಹೋಗಿ ಬೇರೆ ಪೆನ್ನು ತಂದಳು. ಸಹಿ ಹಾಕಿದೆ.

ಮೇಲ್ವಿಚಾರಕರು ರಸೀದಿಗೆ ಮುದ್ರೆ ಒತ್ತಿ, ಹರಿದು, ನನ್ನ ಕೈಗೆ ಕೊಟ್ಟರು. ದೋಣಿ ಒಂದು. ನಾಯಿ ಒಂದು, ಇಪ್ಪತ್ತಮೂರು ಕಿಲೋ ಒಂಬೈನೂರು ಗ್ರಾಂ, ಒದ್ದೆ.